ಯಾರ ಮನೆಯವಳು ಎಂದು ಕೇಳುವ ಊರಿನಲ್ಲಿ

ಮಡಿಕೇರಿಯಲ್ಲಿ ಯಾರ ಕಣ್ಣಿಗೂ ಬೀಳದೆ ಆಸ್ಪತ್ರೆಗೆ ಹೋಗಿ ಬರುವುದು ಸುಲಭವಲ್ಲ. ಬಸ್ ನಿಲ್ದಾಣದಲ್ಲಿ ಇಳಿದರೆ ಊರಿನವರೊಬ್ಬರು ಸಿಗುತ್ತಾರೆ, ಔಷಧಿ ಅಂಗಡಿಯ ಮುಂದೆ ಇನ್ನೊಬ್ಬರು, ಚೀಟಿ ಮಾಡಿಸುವ ಸಾಲಿನಲ್ಲಿ ಅಪ್ಪನ ಜೊತೆ ಓದಿದವರು. ಮುಖ ಪರಿಚಯವಿಲ್ಲದವರಿಗೂ ಕೊಡಗಿನಲ್ಲಿ ಗುರುತು ಹಿಡಿಯಲು ಒಂದು ಪ್ರಶ್ನೆ ಸಾಕು: "ಯಾರ ಮನೆಯವಳಮ್ಮ ನೀನು?" ಮನೆತನದ ಹೆಸರು ಹೇಳಿದ ಕೂಡಲೇ ನಮ್ಮ ತೋಟ ಎಲ್ಲಿದೆ, ಅಜ್ಜ ಯಾರು, ಅವ್ವನ ತವರು ಯಾವುದು ಎಂಬುದೆಲ್ಲ ಕೇಳಿದವರಿಗೆ ತಿಳಿದುಹೋಗುತ್ತದೆ. ಮದುವೆ ಮನೆಯಲ್ಲೋ ಸಂತೆಯಲ್ಲೋ ಈ ಪ್ರಶ್ನೆ ಬಂದರೆ ನನಗೆ ಖುಷಿಯೇ ಆಗುತ್ತದೆ. ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅದೇ ಪ್ರಶ್ನೆ ಬಂದರೆ ಏನು ಹೇಳುವುದು ಎಂಬ ಯೋಚನೆಯಲ್ಲಿ ಸ್ನಾತಕೋತ್ತರ ಓದಿನ ಮೊದಲ ವರ್ಷದ ಬಹುಭಾಗ ಕಳೆದುಹೋಯಿತು.

ಈ ಭಯ ನನ್ನೊಬ್ಬಳದಲ್ಲ. ಹಲ್ಲು ನೋವಿಗೆ ಮಡಿಕೇರಿಯಲ್ಲೇ ತೋರಿಸಿ, ಮಗನ ಗಾಬರಿಗೆ, ಮಗಳ ನಿದ್ದೆಗೇಡಿಗೆ ಮಾತ್ರ ನೂರಿಪ್ಪತ್ತು ಕಿಲೋಮೀಟರ್ ದೂರದ ಮೈಸೂರಿಗೆ ಬೆಳಗಿನ ಜಾವ ಕಾರು ಹೊರಡಿಸುವ ಮನೆಗಳು ನನಗೆ ಗೊತ್ತು. ನೆಂಟರಿಗೆ "ಬಟ್ಟೆ ತೆಗೆಯಲು ಹೋಗಿದ್ದೆವು" ಎನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಹಾಸ್ಟೆಲಿನಲ್ಲಿದ್ದು ಓದುವ, ವಿದ್ಯಾರ್ಥಿವೇತನ ಬಂದ ತಿಂಗಳು ಮಾತ್ರ ಕೈಯಲ್ಲಿ ನಾಲ್ಕು ಕಾಸು ಕಾಣುವ ಹುಡುಗಿಗೆ ಮೈಸೂರು ಒಂದು ದಾರಿಯೇ ಅಲ್ಲ. ಅವಳಿಗೆ ಸಹಾಯ ಸಿಕ್ಕರೆ ಇಲ್ಲೇ ಸಿಗಬೇಕು, ಗುರುತಿನವರ ನಡುವೆಯೇ ಸಿಗಬೇಕು. ಸಿಗುತ್ತದೆ ಎಂದು ಹೇಳಲು, ಆ ದಾರಿಯನ್ನು ಇನ್ನಷ್ಟು ಸಲೀಸು ಮಾಡಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ನನಗೆ ಆಗುತ್ತಿದ್ದುದನ್ನು ಮೊದಲು ಹೇಳಿಬಿಡುತ್ತೇನೆ. ಪ್ರತಿ ಸೆಮಿಸ್ಟರಿನಲ್ಲಿ ವಿಭಾಗದ ಎದುರು ಒಂದು ಸೆಮಿನಾರ್ ಕೊಡಬೇಕು, ಅದಕ್ಕೆ ಆಂತರಿಕ ಅಂಕಗಳಿವೆ. ವಿಷಯ ನನಗೆ ಗೊತ್ತಿರುತ್ತಿತ್ತು. ಆದರೂ ಹಿಂದಿನ ರಾತ್ರಿಯೇ ಹೊಟ್ಟೆ ತೊಳಸಲು ಆರಂಭವಾಗುತ್ತಿತ್ತು. ಬೆಳಿಗ್ಗೆ ಹೆಸರು ಕರೆದಾಗ ಎದ್ದು ನಿಂತರೆ ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಟಿಪ್ಪಣಿಯ ಹಾಳೆ ಹಿಡಿದ ಅಂಗೈ ಬೆವರಿ ಕಾಗದದ ಅಂಚು ಮೆತ್ತಗಾಗುತ್ತಿತ್ತು. ಹಾಳೆ ನಡುಗುವುದು ಮುಂದಿನ ಬೆಂಚಿನವರಿಗೆ ಕಾಣುತ್ತದೆ ಎಂದು ಅದನ್ನು ಮೇಜಿನ ಮೇಲಿಟ್ಟರೆ ಅಕ್ಷರಗಳು ಕಲೆಸಿಕೊಂಡು ಓದಲು ಬರುತ್ತಿರಲಿಲ್ಲ. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು. ಗಾಳಿ ಸಾಲದು ಎನ್ನಿಸಿ ಉಸಿರನ್ನು ಎಳೆದುಕೊಂಡಷ್ಟೂ ತಲೆ ಹಗುರಾಗಿ, ಈಗ ಬೀಳುತ್ತೇನೆ, ಎಲ್ಲರ ಎದುರು ಬೀಳುತ್ತೇನೆ ಎಂಬುದೊಂದೇ ಉಳಿಯುತ್ತಿತ್ತು. ಒಂದು ಸಲ ಮಾತಿನ ನಡುವೆ ಹೊರಗೆ ಬಂದು ಕಾರಿಡಾರಿನ ತುದಿಯ ನಲ್ಲಿಯ ಕೆಳಗೆ ಮಣಿಕಟ್ಟು ಹಿಡಿದು ನಿಂತಿದ್ದೆ. ನೀರು ತಣ್ಣಗಿತ್ತು, ಅದರಿಂದ ಸ್ವಲ್ಪ ಹಿಡಿತ ಸಿಕ್ಕಿತು. ಒಳಗೆ ಮುಂದಿನವರ ಸೆಮಿನಾರ್ ಆರಂಭವಾದದ್ದು ಕೇಳಿಸುತ್ತಿತ್ತು.

ಅನಂತರ ನನ್ನ ದಿನಗಳು ಅದರ ಸುತ್ತಲೇ ಸುತ್ತತೊಡಗಿದವು. ಬಾಗಿಲ ಪಕ್ಕದ ಬೆಂಚೇ ಬೇಕು. ಪ್ರಶ್ನೆ ಕೇಳುವ ಮೇಷ್ಟ್ರ ತರಗತಿಯ ದಿನ ಜ್ವರ. ಹಾಸ್ಟೆಲಿನ ಊಟದ ಹಾಲಿಗೆ ಎಲ್ಲರೂ ಎದ್ದ ಮೇಲೆ ಹೋಗುವುದು. ಪರೀಕ್ಷೆಗೆ ಕೂರಲು ಬೇಕಾದ ಶೇ. 75ರ ಹಾಜರಾತಿ ಕೈತಪ್ಪುವ ಹಂತಕ್ಕೆ ಬಂದಾಗ ಅದೇ ಹೊಸದೊಂದು ಹೆದರಿಕೆಯಾಯಿತು. ತರಗತಿ ತಪ್ಪಿಸಿದ ದಿನ ಮನಸ್ಸಿಗೆ ಎಂಥ ಹಾಯಿ ಎನಿಸುತ್ತಿತ್ತೆಂದರೆ, ಮರುದಿನ ಹೋಗುವುದು ಅದರ ದುಪ್ಪಟ್ಟು ಕಷ್ಟವಾಗುತ್ತಿತ್ತು. ಆತಂಕ ಬೆಳೆಯುವುದು ಹೀಗೆಯೇ ಎಂದು ಮುಂದೆ ಆಪ್ತ ಸಮಾಲೋಚಕಿ ವಿವರಿಸಿದರು. ತಪ್ಪಿಸಿಕೊಂಡ ಪ್ರತಿ ಸಲವೂ "ಅಲ್ಲಿ ನಿಜವಾಗಿಯೂ ಅಪಾಯವಿತ್ತು, ಓಡಿ ಬಂದದ್ದರಿಂದ ಉಳಿದೆ" ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

ಗೆಳತಿಯರು "ಎಲ್ಲರಿಗೂ ಆಗುತ್ತದೆ ಬಿಡು" ಎಂದರು. ಅದು ನಿಜವೂ ಹೌದು, ಪರೀಕ್ಷೆಯ ಮುಂಚೆ ಎದೆ ಹೊಡೆದುಕೊಳ್ಳದವರು ಯಾರಿದ್ದಾರೆ? ಒಬ್ಬ ಅಧ್ಯಾಪಕರು ಬೆನ್ನು ತಟ್ಟುವ ಧಾಟಿಯಲ್ಲಿ "ಕೊಡಗಿನವಳಾಗಿ ಹೆದರುತ್ತೀಯಾ?" ಎಂದರು. ಆ ಮಾತು ಬಹಳ ದಿನ ಒಳಗೆ ಕುಳಿತಿತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡಿದು. ಸೇನೆಯಲ್ಲಿದ್ದವರ ಫೋಟೊ ನಮ್ಮ ಮನೆಯ ಗೋಡೆಯ ಮೇಲೂ ಇದೆ. ಧೈರ್ಯವೇ ಊರಿನ ಹೆಸರಾದ ಕಡೆ, ಹತ್ತು ನಿಮಿಷ ಮಾತಾಡಲು ಕೈಕಾಲು ನಡುಗುತ್ತದೆ ಎಂದು ಬಾಯಿ ಬಿಡುವುದು ಹೇಗೆ?

ಬಾಯಿ ಬಿಟ್ಟದ್ದು ಮೊದಲು ಫೋನಿಗೆ. ಹಾಸ್ಟೆಲಿನ ಹಿರಿಯ ಅಕ್ಕನೊಬ್ಬಳು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ 14416 ಎಂದು ಬರೆದಿಟ್ಟಿದ್ದಳು. ಅದು ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕರೆಂಟ್ ಹೋದರೆ ಟವರ್ ಕೂಡ ಹೋಗುವ ಊರಿನಲ್ಲಿ ಸಿಗ್ನಲ್ ಸಿಗುವ ಜಾಗ ಹುಡುಕಿಕೊಳ್ಳಬೇಕು. ನಮ್ಮ ಹಾಸ್ಟೆಲಿನಲ್ಲಿ ಅದು ಬಟ್ಟೆ ಒಣಗಿಸುವ ಜಾಗದ ಮೆಟ್ಟಿಲು. ಒಂದು ರಾತ್ರಿ ಅಲ್ಲಿ ಕುಳಿತು ಕರೆ ಮಾಡಿದೆ.

ಆಚೆ ಕಡೆ ಒಬ್ಬ ಹೆಂಗಸಿನ ಧ್ವನಿ. ಮೊದಲು ಕೇಳಿದ್ದು ಈಗ ಎಲ್ಲಿದ್ದೀರಿ, ಜೊತೆಗೆ ಯಾರಾದರೂ ಇದ್ದಾರೆಯೇ ಎಂದು. ಆಮೇಲೆ ಊಟ ಆಯಿತೇ, ನಿದ್ದೆ ಹೇಗಿದೆ ಎಂದು ಕೇಳಿದರು. ಸ್ವಲ್ಪ ಹೊತ್ತಿನ ನಂತರ, ಧ್ವನಿ ಬದಲಿಸದೆ, ಸಾಯುವ ಯೋಚನೆ ಏನಾದರೂ ಬರುತ್ತದೆಯೇ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ಹಾಗೆ ನೇರವಾಗಿ ಕೇಳಿದ್ದು ನನಗೆ ಹಿಡಿಸಿತು. ಅದನ್ನು ಯಾರಾದರೂ ಕೇಳಬಹುದು, ಅದಕ್ಕೆ ಯಾರಾದರೂ ಉತ್ತರಿಸಬಹುದು ಎಂದು ಅಲ್ಲಿಯವರೆಗೆ ನಾನು ಅಂದುಕೊಂಡೇ ಇರಲಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಆ ಪ್ರಶ್ನೆಗೆ ಉತ್ತರ "ಹೌದು" ಎಂದಾಗಿದ್ದರೆ, ನನ್ನ ಬರಹ ಮುಗಿಸಲು ಕಾಯಬೇಡಿ. ಈಗಲೇ ಕರೆ ಮಾಡಿ, ಪಕ್ಕದ ಕೋಣೆಯವರನ್ನು ಎಬ್ಬಿಸಿ.

ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಇದಕ್ಕೆ ವಿಭಾಗವಿದೆ, ಹೋಗಿ ಎಂದು ಹೇಳಿದ್ದು ಅವರೇ. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಜಿಲ್ಲಾ ಆಸ್ಪತ್ರೆ ಅದರ ಬೋಧಕ ಆಸ್ಪತ್ರೆಯಾಗಿದೆ. ಅದಲ್ಲದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ನಗರದ ದೊಡ್ಡ ಆಸ್ಪತ್ರೆಯಿಂದ ಜಿಲ್ಲೆಗೆ, ತಾಲ್ಲೂಕಿಗೆ ತರಬಹುದು ಎಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ದೇಶದ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಈ ವ್ಯವಸ್ಥೆ ನಮ್ಮದೇ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಕಾಣುವುದಿಲ್ಲ ಎಂಬುದು ನನಗೆ ಈಗಲೂ ನೋವಿನ ವಿಷಯ.

ಹೋದೆ. ಮುಖಗವಸು ಹಾಕಿಕೊಂಡು, ಕೊಡೆಯನ್ನು ಮುಂದಕ್ಕೆ ಬಾಗಿಸಿ ಹೋದೆ. ಬೆಂಚಿನಲ್ಲಿ ಕುಳಿತು ಎರಡು ನಿಮಿಷವಾಗಿರಲಿಲ್ಲ, ಪಕ್ಕದ ಹಿರಿಯರು ಕೇಳಿಯೇಬಿಟ್ಟರು: "ಯಾರ ಮನೆಯವಳಮ್ಮ?"

ಮನೆಯ ಹೆಸರು ಹೇಳಿದೆ. ಅವರಿಗೆ ನಮ್ಮ ಅಜ್ಜಿ ಗೊತ್ತಿತ್ತು. ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿ, ತಮ್ಮ ಚೀಟಿಯನ್ನು ತಿರುಗಿಸಿ ತೋರಿಸಿದರು. ಅದೇ ಕೋಣೆ. "ನನಗೆ ಆ ವರ್ಷದಿಂದ ರಾತ್ರಿ ನಿದ್ದೆ ಬರುವುದಿಲ್ಲ" ಎಂದರು. ಯಾವ ವರ್ಷ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಆ ವರ್ಷ ಎಂದರೆ 2018, ಮಳೆಗೆ ಗುಡ್ಡಗಳು ಕುಸಿದ ವರ್ಷ. "ಮಾತ್ರೆ ತೆಗೆದುಕೊಂಡರೆ ಪರವಾಗಿಲ್ಲ. ಇವರು ಒಳ್ಳೆಯವರು, ಹೆದರಬೇಡ" ಎಂದು ಹೇಳಿ, ಚೀಲದಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗೆ ಕೊಟ್ಟರು. ಅದು ಹಳೆಯ ಕೊಡಗಿನ ಕಿತ್ತಳೆ, ತೆಳು ಸಿಪ್ಪೆಯದು, ಈಗ ತೋಟಗಳಲ್ಲಿ ಅಪರೂಪ. ಅವರು ಯಾರಿಗಾದರೂ ಹೇಳಿದರೋ ಇಲ್ಲವೋ ನನಗೆ ತಿಳಿಯದು. ಊರಿನಲ್ಲಿ ಸಿಕ್ಕಾಗ "ಓದು ಹೇಗಿದೆ?" ಎಂದಷ್ಟೇ ಕೇಳುತ್ತಾರೆ. ಅಷ್ಟು ದಿನ ನಾನು ಹೆದರಿದ್ದ ಕಣ್ಣುಗಳಲ್ಲಿ ಎಷ್ಟು ಜನರಿಗೆ ತಮ್ಮದೇ ಚೀಟಿಯಿತ್ತೋ ಎಂಬ ಯೋಚನೆ ಆ ದಿನದಿಂದ ನನ್ನ ಜೊತೆಗಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ನೂರು ಜನ ಸೇರುವ ಯಾವ ಮದುವೆ ಮಂಟಪದಲ್ಲೂ ನಾನು ಒಂಟಿಯಾಗಿರಲಾರೆ.

ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತಹೀನತೆಯಲ್ಲೂ ಸುಸ್ತು, ಎದೆಬಡಿತ ಇರುತ್ತದೆ. ಅವುಗಳನ್ನು ನೋಡದೆ ಮನಸ್ಸಿನದೇ ತೊಂದರೆ ಎಂದು ತೀರ್ಮಾನಿಸುವುದಿಲ್ಲ ಎಂದರು. ಆಮೇಲೆ ಏಳು ಪ್ರಶ್ನೆಗಳ ಒಂದು ಹಾಳೆ. ಕಳೆದ ಎರಡು ವಾರಗಳಲ್ಲಿ ಎಷ್ಟು ಸಲ ಚಿಂತೆಯನ್ನು ನಿಲ್ಲಿಸಲಾಗಲಿಲ್ಲ, ಎಷ್ಟು ಸಲ ಏನೋ ಕೆಟ್ಟದ್ದು ಆಗುತ್ತದೆ ಎನ್ನಿಸಿತು, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನನ್ನ ಒಳಗಿದ್ದುದನ್ನು ಬೇರೆ ಯಾರೋ ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದಾರೆ ಎನ್ನಿಸಿ ಹಾಳೆಯನ್ನು ಎರಡು ಸಲ ಓದಿದೆ.

"ಕಾಡಾನೆ ಎದುರಾದರೆ ಏನಾಗುತ್ತದೆ?" ಎಂದು ಕೇಳಿದರು. ತೋಟದ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಎದೆಬಡಿತ ಏರುತ್ತದೆ, ಹೊಟ್ಟೆಯ ಕೆಲಸ ನಿಲ್ಲುತ್ತದೆ, ರಕ್ತವೆಲ್ಲ ಕಾಲಿಗೆ ಹರಿಯುತ್ತದೆ, ಓಡಲು ದೇಹ ಸಿದ್ಧವಾಗುತ್ತದೆ. "ನಿಮ್ಮ ದೇಹಕ್ಕೆ ಸೆಮಿನಾರ್ ಕೋಣೆಯಲ್ಲಿ ಆನೆ ಕಾಣುತ್ತಿದೆ, ಅಷ್ಟೇ. ದೇಹ ಕೆಟ್ಟಿಲ್ಲ, ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿದೆ." ಬೆರಳು ಜುಮುಗುಟ್ಟುವುದು ಏಕೆ ಎಂದೂ ಹೇಳಿದರು. ಗಾಬರಿಯಲ್ಲಿ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದಲೇ ತಲೆಸುತ್ತು, ತುಟಿ ಬೆರಳುಗಳಲ್ಲಿ ಜುಮುಜುಮು. ಗಾಳಿ ಸಾಲದೆ ಆಗುವುದಲ್ಲ, ಹೆಚ್ಚಾಗಿ ಎಳೆದುಕೊಂಡು ಆಗುವುದು. ಹಾಗಾಗಿ ಉಸಿರನ್ನು ಒಳಗೆ ಎಳೆಯುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದರ ಮೇಲೆ ಗಮನ ಕೊಡಿ ಎಂದರು. ಇಷ್ಟು ತಿಳಿದದ್ದರಿಂದಲೇ ನನ್ನ ಅರ್ಧ ಹೆದರಿಕೆ ಇಳಿಯಿತು. ಹೃದಯ ನಿಂತುಹೋಗುತ್ತದೆ ಎಂಬ ಭಯವನ್ನು ಅದುವರೆಗೆ ನಾನು ಯಾರ ಹತ್ತಿರವೂ ಹೇಳಿರಲಿಲ್ಲ.

"ದಿನಕ್ಕೆ ಎಷ್ಟು ಲೋಟ ಕಾಫಿ?" ಈ ಪ್ರಶ್ನೆಗೆ ಕೊಡಗಿನವರು ಯಾರು ತಾನೇ ಸರಿಯಾಗಿ ಲೆಕ್ಕ ಕೊಡುತ್ತಾರೆ? ನಮ್ಮ ಮನೆಯಲ್ಲಿ ತೋಟದ್ದೇ ರೊಬಸ್ಟಾ ಹುರಿದು, ಬೆಲ್ಲ ಹಾಕಿ, ಕುದಿಸಿದ ಕಾಫಿ. ಹಾಸ್ಟೆಲಿಗೂ ಅವ್ವ ಪುಡಿ ಕಟ್ಟಿ ಕಳುಹಿಸುತ್ತಿದ್ದಳು. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಓದುವ ರಾತ್ರಿಗಳಲ್ಲಿ ಅದನ್ನೇ ನಂಬಿ ಕುಳಿತವಳಿಗೆ ಎದೆ ಹೊಡೆದುಕೊಳ್ಳದೆ ಇದ್ದೀತೇ? ಪೂರ್ತಿ ಬಿಡಬೇಕಾಗಿಲ್ಲ, ಬೆಳಿಗ್ಗೆ ಒಂದು ಲೋಟ ಸಾಕು, ಮಧ್ಯಾಹ್ನದ ನಂತರ ಬೇಡ ಎಂದರು. ಕಾಫಿ ಬೆಳೆಯುವ ಮನೆಯ ಮಗಳಿಗೆ ಹೇಳಲು ಇದಕ್ಕಿಂತ ಕಠಿಣವಾದ ಮಾತಿಲ್ಲ, ಆದರೆ ಪಾಲಿಸಿದೆ. ವ್ಯತ್ಯಾಸ ಕಂಡಿತು.

ಮಾತ್ರೆಯನ್ನೂ ಬರೆದರು. ಅದು ಒಂದೆರಡು ದಿನದಲ್ಲಿ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು, ಆರಂಭದಲ್ಲಿ ಹೊಟ್ಟೆ ಕೆಡಬಹುದು, ಹುಷಾರಾಯಿತೆಂದು ನಾನಾಗಿಯೇ ನಿಲ್ಲಿಸಬಾರದು ಎಂದು ಮೊದಲೇ ತಿಳಿಸಿದರು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ನನಗೆ ಬೇಕಾಯಿತು. ಗೆಳತಿಯ ಮನೆಯಲ್ಲಿ ಯಾರೋ ತೆಗೆದುಕೊಳ್ಳುತ್ತಿದ್ದ ನಿದ್ದೆಯ ಮಾತ್ರೆಯನ್ನು ಸೆಮಿನಾರಿನ ಬೆಳಿಗ್ಗೆ ನುಂಗಿ ಹೋಗುವ ಅಭ್ಯಾಸ ಹುಡುಗ ಹುಡುಗಿಯರಲ್ಲಿ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಆ ಜಾತಿಯ ಮಾತ್ರೆಗಳಿಗೆ ದೇಹ ಬೇಗ ಒಗ್ಗಿಬಿಡುತ್ತದೆ, ಬಿಡುವುದು ಕಷ್ಟ.

ನಿಜವಾದ ಕೆಲಸ ನಡೆದದ್ದು ಆಪ್ತ ಸಮಾಲೋಚಕಿಯ ಜೊತೆ. ನನ್ನ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಯೊಂದನ್ನು ಕೇಳಿ ಪಡೆದು, ಮೇಲಿನಿಂದ ಕೆಳಗೆ ಗೆರೆಗಳನ್ನು ಎಳೆದರು. ಅತಿ ಹೆಚ್ಚು ಹೆದರಿಕೆಯಾಗುವುದನ್ನು ಮೇಲೆ, ಸ್ವಲ್ಪವೇ ಹೆದರಿಕೆಯಾಗುವುದನ್ನು ಕೆಳಗೆ ಬರೆದು, ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಎಂದು ನಾನೇ ಅಂಕ ಹಾಕಬೇಕು. ತುದಿಯಲ್ಲಿ ವಿಭಾಗದ ಸೆಮಿನಾರ್. ತಳದಲ್ಲಿ, ಖಾಲಿ ತರಗತಿಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ಓದುವುದು. ನಡುವೆ ಕೋಣೆಯ ಗೆಳತಿಯ ಎದುರು ಓದುವುದು, ತುಂಬಿದ ಕುಶಾಲನಗರದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೂಗಿ ಕಂಡಕ್ಟರನಿಗೆ ನಿಲ್ದಾಣ ಹೇಳುವುದು, ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದು, ಊಟದ ಹಾಲಿಗೆ ಎಲ್ಲರ ಜೊತೆ ಹೋಗುವುದು. ಬಸ್ಸಿನದಕ್ಕೆ ನಾನು ಏಳು ಅಂಕ ಹಾಕಿದ್ದೆ. ಅವರು ನಗಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಅವರ ನಿಯಮ ಒಂದೇ. ಭಯ ಬಂದ ಕೂಡಲೇ ಹೊರಗೆ ಹೋಗಬೇಡ, ಅದು ತಾನಾಗಿ ಇಳಿಯುವುದನ್ನು ಅಲ್ಲೇ ನಿಂತು ನೋಡು. ಗಾಬರಿ ಏರುತ್ತಲೇ ಹೋಗಲಾರದು, ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯಲೇಬೇಕು. ಒಂದು ಭಾನುವಾರ ಖಾಲಿ ತರಗತಿಯಲ್ಲಿ, ಬೆಂಚುಗಳಿಗೆ ನಮಸ್ಕಾರ ಹೇಳಿ ನನ್ನ ವಿಷಯವನ್ನು ಓದಿದೆ. ಯಾರೂ ಇಲ್ಲದಿದ್ದರೂ ಎದೆ ಹೊಡೆದುಕೊಂಡಿತು. ಮತ್ತೆ ಓದಿದೆ. ಇಳಿಯಿತು. ಬಸ್ಸಿನಲ್ಲಿ ಕೂಗಿದ ದಿನ ಕಂಡಕ್ಟರ್ ತಿರುಗಿಯೂ ನೋಡದೆ ಸೀಟಿ ಊದಿದರು. ಅಂಕ ಏಳರಿಂದ ಮೂರಕ್ಕೆ ಇಳಿದದ್ದನ್ನು ಹಾಳೆಯಲ್ಲಿ ಬರೆದುಕೊಂಡೆ.

ಒಂದು ಭೇಟಿಯಲ್ಲಿ ಅವರು ಮಳೆಯ ಬಗ್ಗೆ ಕೇಳಿದರು. ನಾನು ಮಾತಿನ ನಡುವೆ ಕಿಟಕಿಯ ಕಡೆ ನೋಡುತ್ತಿದ್ದೆನಂತೆ. ನಮ್ಮ ಊರು ಮಾದಾಪುರದ ಕಡೆ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆಯೂ ಗುಡ್ಡಗಳು ಕುಸಿದವು. ಆಗ ನಾನು ಪ್ರೌಢಶಾಲೆಯಲ್ಲಿದ್ದೆ. ನಮ್ಮ ಮನೆ ಉಳಿಯಿತು, ಎದುರಿನ ಗುಡ್ಡದ ಒಂದು ಪಕ್ಕ ತೋಟದ ಸಮೇತ ಕೆಳಗೆ ಬಂತು. ಪರಿಹಾರ ಕೇಂದ್ರದಲ್ಲಿ ಚಾಪೆಯ ಮೇಲೆ ಮಲಗಿ ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಸದ್ದನ್ನು ಕೇಳುತ್ತಿದ್ದೆವು, ಸದ್ದು ಸ್ವಲ್ಪ ಬದಲಾದರೂ ದೊಡ್ಡವರೆಲ್ಲ ಎದ್ದು ಕೂರುತ್ತಿದ್ದರು. ಮರುವರ್ಷ ವಿರಾಜಪೇಟೆ ಕಡೆಯ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ನಮ್ಮ ವಯಸ್ಸಿನವರು ಓದಿ ದೊಡ್ಡವರಾದದ್ದು ಮಳೆ ರಜೆಯ ಸುದ್ದಿಯನ್ನು ಖುಷಿಯಿಂದ ಕೇಳಲಾಗದ ವರ್ಷಗಳಲ್ಲಿ. ನನ್ನ ಮೊದಲ ಸೆಮಿನಾರ್ ಜುಲೈ ತಿಂಗಳಿನಲ್ಲಿ, ಶೀಟಿನ ಮಾಡಿನ ಕೋಣೆಯಲ್ಲಿ ನಡೆದಿತ್ತು.

ಎಲ್ಲವನ್ನೂ ಆ ಮಳೆಯ ತಲೆಗೆ ಕಟ್ಟುವುದು ಬೇಡ ಎಂದು ಅವರೇ ಎಚ್ಚರಿಸಿದರು. ಅದೂ ಒಂದು ಎಳೆ, ಅಷ್ಟೇ. ಆದರೆ ಕೊಡಗಿನ ವಿದ್ಯಾರ್ಥಿಗಳ ಜೊತೆ ಮಾತಾಡುವ ಯಾವ ಸಮಾಲೋಚಕರಿಗೂ ಈ ಎಳೆ ಗೊತ್ತಿರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ದೂರದ ನಗರದ ಕೋಣೆಯಲ್ಲಿ ಕುಳಿತವರಿಗೆ ಹಟ್ಟಿಹೊಳೆ ಎಂದರೆ ಎಲ್ಲಿ ಎಂಬುದರಿಂದ ಹೇಳಬೇಕಾಗುತ್ತಿತ್ತು. ಇಲ್ಲಿ ಹೆಸರು ಹೇಳಿದರೆ ಸಾಕಾಯಿತು. ಗುರುತಿನ ಊರಿನಲ್ಲಿ ಚಿಕಿತ್ಸೆ ಪಡೆಯುವುದರ ಈ ಲಾಭವನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ.

ಮನೆಯಲ್ಲಿ ಹೇಳಿದ್ದು ಕಾಫಿ ಕೊಯ್ಲಿನ ರಜೆಯಲ್ಲಿ. ಅವ್ವ ಕಣದಲ್ಲಿ ಹಣ್ಣನ್ನು ಹರಡುತ್ತಿದ್ದಳು. ನಾನೂ ಜೊತೆಗೆ ನಿಂತು, ಅವಳ ಮುಖ ನೋಡದೆ, ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದೆ. ಏನಾಯಿತು ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಹಣ್ಣು ಎಳೆಯುತ್ತಲೇ ಇದ್ದು, "ಯಾರದೋ ಕಣ್ಣು ತಾಗಿರಬೇಕು ಮಗಳೇ, ಪಾಡಿ ಇಗ್ಗುತ್ತಪ್ಪನಿಗೆ ಹರಕೆ ಹೇಳುತ್ತೇನೆ" ಎಂದಳು. ಹೇಳಿಕೊಂಡಳು, ಕಕ್ಕಬ್ಬೆಯ ಆ ದೇವಸ್ಥಾನಕ್ಕೆ ನಾವಿಬ್ಬರೂ ಹೋಗಿ ಬಂದೆವು. ಮುಂದಿನ ಸಲ ಆಸ್ಪತ್ರೆಗೂ ಅವಳೇ ಜೊತೆಗೆ ಬಂದಳು. ವೈದ್ಯರೂ ಅದನ್ನು ಬಿಡಿ ಇದನ್ನು ಹಿಡಿಯಿರಿ ಎನ್ನಲಿಲ್ಲ, ಅವ್ವನೂ ಮಾತ್ರೆ ಬೇಡ ಎನ್ನಲಿಲ್ಲ. ಹರಕೆಗೂ ಚೀಟಿಗೂ ಜಗಳ ಹಚ್ಚಿದರೆ ಸೋಲುವುದು ಕಾಯಿಲೆ ಬಿದ್ದ ಮಗುವೇ ಎಂದು ನನಗನ್ನಿಸುತ್ತದೆ.

ನಾನು ಹೆದರಿದ್ದು ದೊಡ್ಡಪ್ಪನಿಗೆ. ಹವಾಲ್ದಾರ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಅವ್ವ ಅವರಿಗೆ ಹೇಳಿಬಿಟ್ಟಿದ್ದಳು. ಒಂದು ಸಂಜೆ ನನ್ನನ್ನು ಕರೆದು ಜಗುಲಿಯಲ್ಲಿ ಕೂರಿಸಿಕೊಂಡು, "ನಮ್ಮ ತುಕಡಿಯಲ್ಲಿ ಕೈ ನಡುಗುವವರನ್ನು ನೋಡಿದ್ದೇನೆ. ಹೇಡಿಗಳಾಗಿರಲಿಲ್ಲ. ಅವರನ್ನು ಡಾಕ್ಟರ ಹತ್ತಿರ ಕಳುಹಿಸುತ್ತಿದ್ದೆವು, ಗುಣವಾಗಿ ಮತ್ತೆ ಬರುತ್ತಿದ್ದರು. ನೀನೂ ಹೋಗು, ನಡುವೆ ಬಿಡಬೇಡ" ಎಂದರು. ಅಧ್ಯಾಪಕರ ಆ ಮಾತು ಒಳಗಿನಿಂದ ಎದ್ದುಹೋದದ್ದು ಆ ಸಂಜೆ.

ಓದಿನ ಜಾಗದಲ್ಲಿ ಏನಾಗಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಎಲ್ಲರಿಗೂ ಅಂಥ ದೊಡ್ಡಪ್ಪ ಇರುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು ಎಂಬುದು ಅದರಲ್ಲಿದೆ. ಅನೇಕ ಕಡೆ ಪಾಠ ಮಾಡುವ ಅಧ್ಯಾಪಕರೊಬ್ಬರಿಗೇ ಸಮಾಲೋಚನಾ ಕೇಂದ್ರದ ಹೊಣೆಯನ್ನೂ ಹೊರಿಸಿರುತ್ತಾರೆ. ಅವರು ಎಷ್ಟೇ ಒಳ್ಳೆಯವರಿರಲಿ, ನನ್ನ ಆಂತರಿಕ ಅಂಕ ಅವರ ಕೈಯಲ್ಲಿರುವಾಗ ನಾನು ಅವರ ಎದುರು ಕುಳಿತು ನಿಮ್ಮ ಸೆಮಿನಾರ್ ಎಂದರೆ ಉಸಿರು ಕಟ್ಟುತ್ತದೆ ಎಂದು ಹೇಳುವುದು ಹೇಗೆ? ಅಂಕ ಕೊಡದವರು ಬೇಕು. ಕೇಂದ್ರದ ಬಾಗಿಲು ಕಚೇರಿಯ ಎದುರು, ಶುಲ್ಕ ಕಟ್ಟುವ ಸಾಲಿನ ಪಕ್ಕ ಇರಬಾರದು. ಸಮಯವನ್ನು ಫೋನಿನಲ್ಲಿ ಕೇಳಿ ಪಡೆಯುವಂತಿರಬೇಕು. ಹಾಸ್ಟೆಲ್ ವಾರ್ಡನ್‌ಗೆ, ಗ್ರಂಥಾಲಯದವರಿಗೆ 14416 ಬಾಯಿಪಾಠವಾಗಿರಬೇಕು.

2023ರಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಬಂತು. ಎರಡು ವರ್ಷ ತುಂಬುವ ಮೊದಲೇ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೂ ಬಂತು. ಆಗ ಊಟದ ಹಾಲಿನಲ್ಲಿ ಅಂಕಪಟ್ಟಿ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದೇ ಮಾತು. ದೊಡ್ಡವರು ದೂರದಲ್ಲಿ ಕುಳಿತು ಆಡುವ ಇಂಥ ಮಾತುಗಳು ಹಾಸ್ಟೆಲಿನ ಹುಡುಗಿಯರ ನಿದ್ದೆಯನ್ನು ತಿನ್ನುತ್ತವೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಜರಾತಿಗೆ ಪ್ರಮಾಣಪತ್ರ ಬೇಕಾದಾಗ ನನಗೆ ಮತ್ತೆ ಹೆದರಿಕೆಯಾಗಿತ್ತು, ಅದರಲ್ಲಿ ಕಾಯಿಲೆಯ ಹೆಸರು ಇದ್ದರೆ ಎಂದು. ಕೇಳಿದೆ. ಚಿಕಿತ್ಸೆಯಲ್ಲಿದ್ದಾರೆ ಎಂದಷ್ಟೇ ವೈದ್ಯರು ಬರೆದುಕೊಟ್ಟರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿಯೊಬ್ಬರಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ ತನ್ನ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನೂ ಕೊಟ್ಟಿದೆ. ಇದನ್ನು ತಿಳಿದುಕೊಂಡು ಹೋದರೆ ಕೇಳಲು ಧೈರ್ಯ ಬರುತ್ತದೆ.

ಎರಡನೆಯ ವರ್ಷದ ಸೆಮಿನಾರಿನ ದಿನವೂ ಭಯ ಬಂತು. ಹಾಳೆ ನಡುಗಿತು. ಒಂದು ಕಡೆ ವಾಕ್ಯ ಸಿಕ್ಕಿಹಾಕಿಕೊಂಡಾಗ ಉಸಿರನ್ನು ನಿಧಾನವಾಗಿ ಬಿಟ್ಟು, ಮೇಜಿನ ಅಂಚು ಹಿಡಿದು, ಅದೇ ವಾಕ್ಯವನ್ನು ಮೊದಲಿನಿಂದ ಹೇಳಿದೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗೂ ಉತ್ತರಿಸಿದೆ. ಈಗಲೂ ಆಸ್ಪತ್ರೆಗೆ ಹೋಗುತ್ತೇನೆ, ಮೊದಲಿನಷ್ಟು ಬೇಗಬೇಗ ಅಲ್ಲ. ಮಾತ್ರೆಯನ್ನು ವೈದ್ಯರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ.

ಈ ಬರಹಕ್ಕೆ ಕೈ ಹಚ್ಚಿದ್ದು ಪೊನ್ನಂಪೇಟೆ ಕಡೆಯ ಕಿರಿಯಳೊಬ್ಬಳಿಂದಾಗಿ. ಸಂಜೆ ಹಾಸ್ಟೆಲಿನ ಮೆಟ್ಟಿಲಲ್ಲಿ ನನ್ನ ಪಕ್ಕ ಕುಳಿತು, "ಅಕ್ಕ, ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಹೋಗುತ್ತಾರಾ?" ಎಂದು ಕೇಳಿದಳು. ಇಷ್ಟಕ್ಕೇ ಹೋಗಬೇಕು ಎಂದೆ, ಇನ್ನೂ ಹೆಚ್ಚಾಗಲಿ ಎಂದು ಕಾಯುವುದಕ್ಕೆ ಇದೇನು ಹಣ್ಣಾಗಬೇಕಾದ ಬೆಳೆಯೇ? ಮಡಿಕೇರಿಯಲ್ಲಿ ಮಾವ ಕೆಲಸ ಮಾಡುತ್ತಾರೆ, ಅಲ್ಲಿ ಬೇಡ ಎಂದಳು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುವ ಏರ್ಪಾಡು ರಾಜ್ಯದಲ್ಲಿದೆ. ವಿರಾಜಪೇಟೆಯ ಆಸ್ಪತ್ರೆಗೆ ಫೋನ್ ಮಾಡಿ ಈ ಮಂಗಳವಾರ ವೈದ್ಯರು ಬರುತ್ತಾರೆ ಎಂದು ಖಚಿತ ಮಾಡಿಕೊಂಡಿದ್ದೇವೆ. ಆಧಾರ್ ಕಾರ್ಡ್, ಹಳೆಯ ಚೀಟಿಗಳೇನಾದರೂ ಇದ್ದರೆ ಅವು, ಎಷ್ಟು ದಿನದಿಂದ ಏನಾಗುತ್ತಿದೆ ಎಂದು ಬರೆದ ಒಂದು ಹಾಳೆ ತರಲು ಹೇಳಿದ್ದೇನೆ. ಕೋಣೆಯೊಳಗೆ ಅವಳೊಬ್ಬಳೇ ಹೋಗುತ್ತಾಳೆ, ಬೆಂಚಿನ ಮೇಲೆ ನಾನಿರುತ್ತೇನೆ. ಮೊದಲ ಬಸ್ಸಿಗೆ ಹೊರಟರೆ ಚೀಟಿಯ ಸಾಲು ಉದ್ದವಾಗುವ ಮೊದಲು ತಲುಪಬಹುದು.